ಅಡುಗೆಮನೆ ಗೋಡೆಯ ಹೃದಯ

ಬಸ್ಸು ಬಟ್ಟೆಮಲ್ಲಪ್ಪ ಊರು ದಾಟುವಷ್ಟರಲ್ಲಿ ಸುಮನಾ ಅಮ್ಮನ ಭುಜಕ್ಕೆ ತಲೆಯಿಟ್ಟು ನಿದ್ದೆಹೋಗಿದ್ದಳು. ಪ್ರತಿಮಾ ಅಲುಗಾಡದೆ ಕುಳಿತಳು. ತಿರುವು ಬಂದಾಗೆಲ್ಲ ಮಗಳ ತಲೆ ಜಾರದಂತೆ ಮೈಯನ್ನು ಒಂದಿಷ್ಟು ವಾಲಿಸುವುದು, ಮತ್ತೆ ನೆಟ್ಟಗಾಗುವುದು. ಇಷ್ಟಾದರೂ ಒಂದು ಕೆಲಸ ಸಿಕ್ಕಿತಲ್ಲ ಎಂದು ಅವಳಿಗೆ ಸಮಾಧಾನವಾಯಿತು. ಸಾಗರದಲ್ಲಿ ಬಸ್ಸು ಹತ್ತಿದಾಗಿನಿಂದ ಅವಳು ಮಗಳ ಚೀಲವನ್ನು ಮೂರು ಸಲ ತೆರೆದು ನೋಡಿದ್ದಳು. ಪರೀಕ್ಷೆ ಬರೆಯುವವಳು ಬಾಯಿ ಅರೆತೆರೆದು ಮಲಗಿದ್ದಾಳೆ, ಬರೆಯದವಳಿಗೆ ಸಂಕಟ. ಅದೂ ನಿಜವಾದ ಪರೀಕ್ಷೆಯೇನಲ್ಲ. ಸಿಇಟಿಗೆ ಮುಂಚೆ ಅಭ್ಯಾಸವಾಗಲೆಂದು ತೀರ್ಥಹಳ್ಳಿಯ ಒಂದು ಕಾಲೇಜಿನಲ್ಲಿ ಇಟ್ಟುಕೊಂಡ ಮಾದರಿ ಪರೀಕ್ಷೆ. ಗುರುತಿಲ್ಲದ ಊರಿನಲ್ಲಿ, ಗುರುತಿಲ್ಲದ ಬೆಂಚಿನ ಮೇಲೆ ಕೂತು ಬರೆದರೆ ಹೆದರಿಕೆ ಹೋಗುತ್ತದೆ ಎಂದು ಬಯಾಲಜಿ ಮೇಷ್ಟ್ರು ಹೇಳಿದ್ದರಂತೆ. ಗಂಡ ನಾಗೇಂದ್ರನಿಗೆ ಕಾರ್ಗಲ್ಲಿನಲ್ಲಿ ಕೆಲಸದ ಪಾಳಿ. ಅವನು ಬೈಕಿನಲ್ಲಿ ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟು, ಮಗಳ ಕೈಗೆ ಎರಡು ಪೆನ್ನು ಕೊಟ್ಟು, ಏನು ಹೇಳಬೇಕೆಂದು ತಿಳಿಯದೆ ಬಸ್ಸಿನ ಟಯರನ್ನು ನೋಡುತ್ತ ನಿಂತಿದ್ದ. ಅವನಿಗೂ ಹೀಗೇ ಸಂಕಟವಾಗುತ್ತಿರಬಹುದೇ ಎಂದು ಪ್ರತಿಮಾಗೆ ಈಗ ಅನಿಸಿತು. ಆಗಿದ್ದರೂ ಹೇಳುವವನಲ್ಲ.

ಆದರೆ ಈ ಸಂಕಟದ ಅಡಿಯಲ್ಲಿ, ಯಾರಿಗೂ ಹೇಳಿಕೊಳ್ಳಲು ನಾಚಿಕೆಯಾಗುವಂಥ ಒಂದು ಸಂತೋಷವೂ ಇತ್ತು. ಈ ಒಂದು ವರ್ಷದಷ್ಟು ಹಗುರವಾಗಿ ಅವಳು ಮದುವೆಯಾದ ಮೇಲೆ ಎಂದೂ ಇರಲಿಲ್ಲ. ಮಗಳು ದೊಡ್ಡವಳಾದ ಮೇಲೆ ಅಮ್ಮಂದಿರಿಗೆ ಉಳಿಯುವುದು ಊಟಕ್ಕೆ ಕರೆಯುವುದು ಮತ್ತು ಮೊಬೈಲು ಇಡು ಎನ್ನುವುದು ಎಂದು ಅವಳು ತಿಳಿದುಕೊಂಡಿದ್ದಳು. ಕಳೆದ ಜೂನಿನಲ್ಲಿ ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದಾಗ ಸುಮನಾ ಒಲೆಯ ಪಕ್ಕದ ಕಟ್ಟೆಯ ಮೇಲೆ ಪುಸ್ತಕ ಒರಗಿಸಿಟ್ಟು, ಅಮ್ಮಾ ಇದರಲ್ಲಿ ಎಲ್ಲಿಂದ ಬೇಕಾದರೂ ಪ್ರಶ್ನೆ ಕೇಳು ಎಂದಿದ್ದಳು. ಪ್ರತಿಮಾ ಓದಿದ್ದು ಎಸ್ಸೆಸ್ಸೆಲ್ಸಿವರೆಗೆ, ಅದೂ ಕನ್ನಡದಲ್ಲಿ. ಇಂಗ್ಲಿಷಿನ ಅಕ್ಷರಗಳನ್ನು ಕೂಡಿಸಿ ಕೂಡಿಸಿ, ಅರ್ಥ ಗೊತ್ತಿಲ್ಲದೆ, ಎ ಬಿ ಸಿ ಡಿ ಎಂದು ನಾಲ್ಕು ಉತ್ತರಗಳನ್ನು ಪೂಜೆಯ ಮಂತ್ರದ ಹಾಗೆ ಓದುತ್ತಿದ್ದಳು. ಸುಮನಾ ನಗುತ್ತಿದ್ದಳು, ನಗುತ್ತಲೇ ಉತ್ತರ ಹೇಳುತ್ತಿದ್ದಳು. ಹಿಟ್ಟಿನ ಕೈ ತಾಗಿ ಪುಸ್ತಕದ ಹಾಳೆಗಳು ಬೆಳ್ಳಗಾದವು. ಅತ್ತೆ ರಂಗಮ್ಮ ಜಗಲಿಯಿಂದಲೇ, ಅಮ್ಮ ಮಗಳಲ್ಲಿ ಯಾರು ಕಾಲೇಜಿಗೆ ಹೋಗುವುದು ಎಂದು ಕೇಳಿದ್ದರು. ಸುಮನಾಗೆ ಶಿರಸಿಯಲ್ಲಿ ಅರಣ್ಯದ ಬಿಎಸ್ಸಿ ಓದುವ ಆಸೆ. ಕಾಡು ನೋಡಲಿಕ್ಕೆ ಕಾಲೇಜು ಯಾಕೆ, ಹಿತ್ತಿಲ ಬಾಗಿಲು ತೆಗೆದರೆ ಸಾಲದೇ ಎಂದೂ ರಂಗಮ್ಮನೇ ಕೇಳಿದ್ದು. ಆದರೆ ಮೊಮ್ಮಗಳು ಓದುವಾಗ ಟೀವಿಯ ಶಬ್ದ ತಗ್ಗಿಸುವವರೂ ಅವರೇ. ಬಯಾಲಜಿಯಲ್ಲಿ ಕೈ ತಪ್ಪಿದರೆ ಆ ಸೀಟು ಸಿಗುವುದಿಲ್ಲ ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಹೊಸನಗರದಲ್ಲಿ ಬಸ್ಸು ಬದಲಿಸಬೇಕು. ಭಾನುವಾರ, ಸ್ಟ್ಯಾಂಡು ಬಿಕೋ ಎನ್ನುತ್ತಿತ್ತು. ತಾಲೂಕು ಆಫೀಸಿನ ಕೆಲಸಕ್ಕೆ ಬರುವ ಜನವಿಲ್ಲದಿದ್ದರೆ ಈ ಊರು ಹೀಗೇ, ಯಾರೋ ಅರ್ಧ ಮಾತಾಡಿ ಎದ್ದುಹೋದ ಹಾಗೆ. ಸುಮನಾ ಮುಖ ತೊಳೆದು ಬಂದು ಪ್ರಶ್ನೆ ಕೇಳು ಎಂದಳು. ಪ್ರತಿಮಾ ಪುಸ್ತಕ ಬಿಡಿಸಿ ಕೇಳಿದಳು. ಪಕ್ಕದಲ್ಲಿ ಕುಳಿತಿದ್ದ ಮುದುಕರೊಬ್ಬರು ತಮ್ಮನ್ನೇ ಕೇಳುತ್ತಿದ್ದಾರೆಂದು ಭಾವಿಸಿ ಗಂಭೀರವಾಗಿ ತಲೆ ಅಲ್ಲಾಡಿಸಿದರು. ಮಗಳಿಗೆ ನಗು ತಡೆಯಲಾಗಲಿಲ್ಲ. ಆ ನಗುವಿನಲ್ಲಿ ಬೆಳಗಿನ ಸಂಕಟ ಸ್ವಲ್ಪ ಕರಗಿತು. ತೀರ್ಥಹಳ್ಳಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮಾರ್ಚಿನ ಬಿಸಿಲಿಗೆ ರಸ್ತೆ ಬದಿಯ ಗಿಡಗಳೆಲ್ಲ ಕೆಂಪು ಧೂಳು ಮೆತ್ತಿಕೊಂಡು, ಕೆಮ್ಮಣ್ಣು ಬಳಿದ ಗೋಡೆಯ ಹಾಗೆ ಕಾಣುತ್ತಿದ್ದವು. ಪ್ರತಿಮಾಳ ಬೆರಳು ತೊಡೆಯ ಮೇಲೆ ತಾನಾಗಿಯೇ ಗೆರೆ ಎಳೆಯತೊಡಗಿತು.

ಆ ಬೆರಳಿಗೆ ಗೆರೆ ಕಲಿಸಿದ್ದು ಅವಳ ಅವ್ವ, ಕನ್ನಮ್ಮ. ಅವರ ಜನರಲ್ಲಿ ಮದುವೆಯೆಂದರೆ ಗೋಡೆಗೆ ಹಸೆ ಚಿತ್ತಾರ ಬರೆಯಲೇಬೇಕು. ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಅರೆದ ಬಿಳಿ, ಪುಂಡಿನಾರಿನ ಕುಂಚ, ಉಸಿರು ಬಿಗಿಹಿಡಿದು ಎಳೆಯುವ ನೀಟಾದ ಎಳೆಗಳು. ಎಡಕ್ಕೆ ಒಂದು ಎಳೆ ಬಂದರೆ ಬಲಕ್ಕೂ ಬರಬೇಕು, ಈ ಮೂಲೆಗೆ ಜಡೆಯ ಹೆಣಿಗೆ ಇಟ್ಟರೆ ಆ ಮೂಲೆಗೂ ಇಡಬೇಕು. ಚಿಕ್ಕಂದಿನಲ್ಲಿ ಒಮ್ಮೆ ಅವಳು ಒಂದು ಬದಿಗೆ ಒಂದೆಳೆ ಹೆಚ್ಚು ಎಳೆದುಬಿಟ್ಟಿದ್ದಳು. ಕನ್ನಮ್ಮ ಒದ್ದೆ ಹೆಬ್ಬೆರಳಿನಿಂದ ಅದನ್ನು ಒರೆಸುತ್ತ, "ಒಂದ್ ಪಂಕ್ತಿಗೆ ಬಡಿಸಿ ಇನ್ನೊಂದ್ ಪಂಕ್ತಿನ ಉಪವಾಸ ಇಡ್ತೀಯನೇ?" ಎಂದಿದ್ದಳು. ಕೂಗಿ ಹೇಳಿದ್ದಲ್ಲ. ಆದರೂ ಆವತ್ತಿನಿಂದ ಅವಳ ಕೈ ತಪ್ಪಿಲ್ಲ. ಈಗ ಯಾರ ಮನೆಯಲ್ಲೂ ಗೋಡೆಗೆ ಬರೆಯುವವರಿಲ್ಲ. ಅಂಗಡಿಯಿಂದ ಹಾಳೆಯ ಚಿತ್ತಾರ ತಂದು ಅಂಟಿಸುತ್ತಾರೆ. ಹತ್ತಿರದ ನೆಂಟರ ಮದುವೆಗಳಿಗೆ ಮಾತ್ರ ಪ್ರತಿಮಾ ಬರೆಯುತ್ತಿದ್ದಳು. ಸುಮನಾಗೆ ಬಯಾಲಜಿ ಪುಸ್ತಕದ ಚಿತ್ರಗಳು ನೆನಪಿನಲ್ಲಿ ನಿಲ್ಲುವುದಿಲ್ಲ ಎಂದು ಗೊತ್ತಾದದ್ದು ನವೆಂಬರಿನಲ್ಲಿ. ಪುಸ್ತಕ ಮುಚ್ಚಿದರೆ ಎಲ್ಲ ಕಲಸಿಹೋಗುತ್ತದೆ ಎಂದು ಅವಳು ಅಳುವುದೊಂದು ಬಾಕಿ. ಊಟಕ್ಕೆ ಕೂರುವಾಗ ಎದುರಿಗೆ ಕಾಣುವ ಹಾಗೆ ಗೋಡೆಗೇ ಬರೆದುಕೊಡಲಾ ಎಂದು ಕೇಳಿದವಳು ಪ್ರತಿಮಾ. ಹಾಗೆ ಅಡುಗೆಮನೆಯ ಗೋಡೆಯ ಮೇಲೆ ಮೊದಲು ಎಲೆಯೊಂದು, ಆಮೇಲೆ ಶ್ವಾಸಕೋಶ, ಮೂತ್ರಪಿಂಡ, ಕೊನೆಗೆ ಹೃದಯ ಬಂದವು. ಹೃದಯ ಬರೆಯಲು ಅವಳು ಇಡೀ ಒಂದು ಮಧ್ಯಾಹ್ನ ತೆಗೆದುಕೊಂಡಿದ್ದಳು. ಪುಸ್ತಕದ ಚಿತ್ರ ಅಂಚುಗಳಲ್ಲಿ ಮಸುಕಾಗಿ, ಒಂದು ಕಡೆ ಇಂಕು ಹೆಚ್ಚಾಗಿ ದಪ್ಪಗೆ ಕಂಡಿತ್ತು. ಅಚ್ಚಿನವರಿಗೆ ಶ್ರದ್ಧೆಯಿಲ್ಲ ಎಂದುಕೊಂಡು ಅವಳೇ ಅದನ್ನು ಸರಿಮಾಡಿದ್ದಳು. ಮುಗಿದ ಮೇಲೆ ರಂಗಮ್ಮ ಬಂದು ನಿಂತು ನೋಡಿ, ಇದನ್ನು ಮದುವೆಮನೆಯಲ್ಲಿ ಬರೆದರೂ ಯಾರೂ ಬೇಡ ಅನ್ನುವುದಿಲ್ಲ ಎಂದಿದ್ದರು. ಅತ್ತೆ ಅಷ್ಟು ಹೇಳುವುದೇ ಅಪರೂಪ.

ತೀರ್ಥಹಳ್ಳಿಯಲ್ಲಿ ಮಕ್ಕಳನ್ನು ಒಳಗೆ ಬಿಟ್ಟ ಮೇಲೆ ಅಮ್ಮಂದಿರೆಲ್ಲ ಕಾಲೇಜಿನ ಮುಂದಿನ ಹೊಂಗೆಮರದ ಕಟ್ಟೆಯಲ್ಲಿ ಕುಳಿತರು. ಚೀಲ, ಪುಸ್ತಕ, ಮೊಬೈಲು ಏನನ್ನೂ ಒಳಗೆ ಬಿಡದ ಕಾರಣ ಎಲ್ಲರ ಮಡಿಲಲ್ಲೂ ಮಕ್ಕಳ ಚೀಲಗಳಿದ್ದವು. ಪ್ರತಿಮಾಳ ಪಕ್ಕ ಬಂದು ಕುಳಿತವಳು ವಾಗ್ದೇವಿ. ಸಾಗರದವಳೇ, ಮಗಳು ಗಾನವಿ ಸುಮನಾಳ ಕ್ಲಾಸು. ಸುಮನಾಳ ಜೊತೆ ಕೂತು ಓದಲು ಗಾನವಿ ಕೆಲವು ಸಲ ಮನೆಗೂ ಬಂದಿದ್ದಳು. ವಾಗ್ದೇವಿ ಫೋನಿನಲ್ಲಿ ಗಂಡನಿಗೆ, "ಇಲ್ಲೆ, ಈಗಷ್ಟೇ ಒಳಗೆ ಹೋತು. ಎಂಗೊ ಸಂಜೆ ಬಸ್ಸಿಗೇ ಬತ್ಯ" ಎಂದು ತಮ್ಮ ಮನೆಮಾತಿನಲ್ಲಿ ಹೇಳಿ ಮುಗಿಸಿ, ಅದನ್ನು ಬಿಟ್ಟು ಪ್ರತಿಮಾಳ ಮಾತಿಗೆ ಸಲೀಸಾಗಿ ಬಂದಳು. ರಂಗಮ್ಮನ ಕಾಲದಲ್ಲಿ ಇಂಥ ಬ್ರಾಹ್ಮಣರ ಮನೆಗೆ ಹೋದರೆ ತಮ್ಮ ಜನ ಅಂಗಳದಲ್ಲೇ ನಿಂತು ಮಾತಾಡಬೇಕಿತ್ತಂತೆ. ಈಗ ಒಂದೇ ಕಟ್ಟೆ, ಒಂದೇ ಕಾಯುವಿಕೆ. ವಾಗ್ದೇವಿ ಡಬ್ಬಿ ತೆರೆದು ಒಗ್ಗರಣೆ ಅವಲಕ್ಕಿ ಮುಂದೆ ಹಿಡಿದಳು. ಪ್ರತಿಮಾ ಸಂಕೋಚವಿಲ್ಲದೆ ತೆಗೆದುಕೊಂಡಳು. ಸಂಕೋಚವಿಲ್ಲದೆ ತೆಗೆದುಕೊಂಡೆ ಎಂದು ಒಳಗೇ ಗುರುತಿಸಿಕೊಂಡಳು ಕೂಡ.

ಮಾತು ಮಕ್ಕಳ ನಿದ್ದೆ, ಮಕ್ಕಳ ಸಿಟ್ಟು, ಕನ್ನಡಕದ ನಂಬರು ಎಲ್ಲ ದಾಟಿ ಬಂದ ಮೇಲೆ ವಾಗ್ದೇವಿ ನಗುತ್ತ, ನಿಮ್ಮ ಅಡುಗೆಮನೆ ಗೋಡೆಯ ಫೋಟೋ ಗಾನವಿ ತೋರಿಸಿದಳು ಎಂದಳು. ಎಷ್ಟು ಚೆಂದ, ಅಷ್ಟು ಸಪೂರದ ಗೆರೆ ಕೈಯಲ್ಲಿ ಹೇಗೆ ಬರುತ್ತದೆ ಎಂದು ನಾವು ಮನೆಯವರೆಲ್ಲ ಮಾತಾಡಿಕೊಂಡೆವು ಎಂದಳು. ಪ್ರತಿಮಾಳ ಮುಖ ಹಿಗ್ಗಿತು. ಅದು ಹಿಗ್ಗಿದ್ದಾಗಲೇ ಮುಂದಿನ ಮಾತು ಬಂತು.

"ಆದ್ರೆ ಹೃದಯ ಹಂಗಿರೋದಲ್ವಂತೆ ಮಾರಾಯ್ತಿ. ಎರಡೂ ಕಡೆ ಒಂದೇ ದಪ್ಪ ಇದ್ಯಲ್ಲ ನೀನು ಬರ್ದಿದ್ದು. ಹೋದ ತಿಂಗಳ ಟೆಸ್ಟಲ್ಲಿ ಸುಮನಾ ಹಂಗೇ ಉತ್ತರ ಹಾಕಿ ಬಂದಿದ್ಲು. ಮೇಷ್ಟ್ರು ನಿಲ್ಸಿ ಕೇಳಿದ್ರಂತೆ, ಇದ್ಯಾವ ಪ್ರಾಣಿ ಹೃದಯ ಅಂತ. ಕ್ಲಾಸೆಲ್ಲ ನಗು."

ಪ್ರತಿಮಾ ಅವಲಕ್ಕಿ ಅಗಿಯುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಗೊತ್ತಾಗುತ್ತದೆ. ಸುಮನಾ ಏನು ಹೇಳಿದಳು ಎಂದು ಕೇಳಿದಳು.

"ನಾನೇ ತಪ್ಪಾಗಿ ಬರ್ಕೊಂಡು ಕಲ್ತೆ ಸರ್ ಅಂದ್ಲಂತೆ. ನಿನ್ನ ಹೆಸ್ರು ಎತ್ತಲೇ ಇಲ್ಲ. ಗಟ್ಟಿ ಹುಡ್ಗಿ." ಅಷ್ಟು ಹೇಳಿದ ಮೇಲೆ ವಾಗ್ದೇವಿಗೆ ಏನೋ ಹೊಳೆದಿರಬೇಕು. "ನಿಂಗೆ ಗೊತ್ತಿರ್ಲಿಲ್ವಾ? ಅಯ್ಯೋ, ನಾನೆಂತ ಮಾಡ್ದೆ" ಎಂದು ಡಬ್ಬಿಯ ಮುಚ್ಚಳ ಹುಡುಕತೊಡಗಿದಳು. ಪ್ರತಿಮಾ ಗೊತ್ತಿತ್ತು ಎಂದು ಸುಳ್ಳು ಹೇಳಿದಳು. ಯಾರಿಗೂ ನಂಬಿಕೆಯಾಗದ ಸುಳ್ಳು ಅದು. ಇಬ್ಬರೂ ಅದನ್ನು ಅಲ್ಲೇ ಬಿಟ್ಟರು. ವಾಗ್ದೇವಿ ಡಬ್ಬಿ ಮುಚ್ಚಿದಳು, ಪ್ರತಿಮಾ ಕಾಲೇಜಿನ ಕಿಟಕಿಗಳನ್ನು ಎಣಿಸತೊಡಗಿದಳು.

ಆ ಕಿಟಕಿಗಳಲ್ಲಿ ಯಾವುದೋ ಒಂದರ ಹಿಂದೆ ಮಗಳು ಕುಳಿತಿದ್ದಾಳೆ. ಈಗ ಅವಳ ಮುಂದೆ ಮತ್ತೆ ಹೃದಯ ಬಂದಿದ್ದರೆ? ಹೋದ ತಿಂಗಳಿನಿಂದ ಸುಮನಾ ಊಟಕ್ಕೆ ಗೋಡೆಗೆ ಬೆನ್ನುಹಾಕಿ ಕೂರುತ್ತಿದ್ದಾಳೆ. ಯಾಕೆ ಎಂದು ಕೇಳಿದ್ದಕ್ಕೆ ಈ ಕಡೆ ಗಾಳಿ ಬರುತ್ತದೆ ಎಂದಿದ್ದಳು. ಗಾಳಿ ಎಲ್ಲಿಂದ ಬರಬೇಕು, ಕಿಟಕಿಯಿರುವುದು ಇನ್ನೊಂದು ಬದಿಗೆ. ತಾನು ಅದನ್ನು ನಂಬಿ, ಅವಳಿಗೆ ಸೆಕೆ ಎಂದು ಮಜ್ಜಿಗೆ ಹೆಚ್ಚು ಬಡಿಸಿದ್ದಾಯಿತು. ಪ್ರತಿಮಾಗೆ ಕಿವಿಯ ತುದಿ ಸುಡತೊಡಗಿತು. ಕ್ಲಾಸಿನಲ್ಲಿ ಎದ್ದು ನಿಂತ ಮಗಳು, ಸುತ್ತ ನಗು, ಮೇಷ್ಟ್ರ ಕೈಯಲ್ಲಿ ಉತ್ತರದ ಹಾಳೆ. ಅವಳು ಆ ನಗುವನ್ನು ಮನೆಗೆ ತರಲಿಲ್ಲ. ಬಾಗಿಲಲ್ಲೇ ಚಪ್ಪಲಿ ಬಿಟ್ಟ ಹಾಗೆ ಬಿಟ್ಟು ಒಳಗೆ ಬಂದು, ಅಮ್ಮಾ ಹಸಿವು ಎಂದಳು. ಹಾಗಾದರೆ ಉಳಿದವುಗಳ ಗತಿಯೇನು? ಶ್ವಾಸಕೋಶ. ಪುಸ್ತಕದಲ್ಲಿ ಒಂದು ಬದಿಗೆ ಮೂರು ಎಸಳು, ಇನ್ನೊಂದು ಬದಿಗೆ ಎರಡೇ ಇದ್ದದ್ದು ಅವಳಿಗೆ ಸ್ಪಷ್ಟವಾಗಿ ನೆನಪಿತ್ತು. ಬರೆಯುವಾಗ ಪಾಪ ಎನಿಸಿ ಆ ಬದಿಗೂ ಇನ್ನೊಂದು ಎಸಳು ಕೊಟ್ಟಿದ್ದಳು. ಮೂತ್ರಪಿಂಡಗಳಲ್ಲಿ ಒಂದು ಸ್ವಲ್ಪ ಕೆಳಗೆ ಜಾರಿದ ಹಾಗಿತ್ತು, ಅದನ್ನು ಎತ್ತಿ ಸಾಲಿಗೆ ಕೂರಿಸಿದ್ದಳು. ಮನುಷ್ಯನ ಒಳಗನ್ನು ಮಾಡಿದವನಿಗೆ ಶ್ರದ್ಧೆಯಿಲ್ಲವೆಂದು ತಾನು ಕುಂಚ ಹಿಡಿದು ತಿದ್ದಿದ ಹಾಗಾಯಿತಲ್ಲ. ಇದನ್ನು ಬೇರೆ ಯಾರೋ ಮಾಡಿದ್ದರೆ ಹೊಟ್ಟೆ ಹಿಡಿದುಕೊಂಡು ನಗಬಹುದಿತ್ತು.

ಸಹಾಯ ಎಂದುಕೊಂಡದ್ದು ಯಾರ ಸಹಾಯ? ಆ ಮಧ್ಯಾಹ್ನ ಗೋಡೆಯ ಮುಂದೆ ನಿಂತಾಗ ಅವಳ ಕಣ್ಣಿನಲ್ಲಿ ಮಗಳ ಪರೀಕ್ಷೆ ಇರಲಿಲ್ಲ. ಇದ್ದದ್ದು ಎಳೆ, ಎಳೆಯ ಪಕ್ಕದ ಎಳೆ, ತನ್ನ ಉಸಿರು. ಬಹಳ ವರ್ಷಗಳ ಮೇಲೆ ಒಂದು ದೊಡ್ಡ ಗೋಡೆ ಸಿಕ್ಕಿತ್ತು, ಅಷ್ಟೇ. ಹೃದಯ ಎಂದರೇನು, ಅದರೊಳಗೆ ಏನು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಅವಳು ಕೇಳಿಯೇ ಇರಲಿಲ್ಲ. ಪ್ರಶ್ನೆ ಓದುವಾಗಲೂ ಹಾಗೇ. ಅರ್ಥವಾಗದ್ದನ್ನು ಓದಿ, ಅರ್ಥವಾಗದ ಉತ್ತರಕ್ಕೆ ಸರಿ ಎಂದು ತಲೆದೂಗಿ, ಮಗಳು ನಕ್ಕರೆ ಅದೇ ದೊಡ್ಡದಾಗಿ, ಒಂದು ವರ್ಷ ಸಂತೋಷವಾಗಿದ್ದಳು. ಸಿಇಟಿಗೆ ಇನ್ನು ಒಂದು ತಿಂಗಳೂ ಉಳಿದಿಲ್ಲ. ಮನೆಗೆ ಹೋದ ಕೂಡಲೇ ಗೋಡೆ ಉಜ್ಜಿ ತೆಗೆಯಬೇಕು. ಪುಸ್ತಕ ಹಿಡಿಯುವುದನ್ನೂ ಬಿಡಬೇಕು. ಮಗಳು ತಾನಾಗಿ ಓದಿಕೊಳ್ಳಲಿ, ತಾನು ಅನ್ನ ಸಾರು ನೋಡಿಕೊಂಡರೆ ಸಾಕು. ಹೀಗೆ ತೀರ್ಮಾನಿಸಿದ ಕೂಡಲೇ ಎದೆಯೊಳಗೆ, ಯಾವ ಬದಿಯೆಂದು ಅವಳಿಗೆ ಗೊತ್ತಿಲ್ಲ, ಒಂದು ಜಾಗ ಖಾಲಿಯಾದಂತಾಯಿತು. ಸಿಇಟಿಯ ಭಯಕ್ಕಿಂತ ಇದೇ ದೊಡ್ಡ ಭಯವೆಂದು ತಿಳಿದು ಅವಳಿಗೆ ಇನ್ನಷ್ಟು ನಾಚಿಕೆಯಾಯಿತು.

ಬಿಸಿಲು ಕಟ್ಟೆಯ ಮೇಲೆ ಬಂದಾಗ ಎಲ್ಲರೂ ನೆರಳಿನತ್ತ ಜರುಗಿದರು. ವಾಗ್ದೇವಿ ಗಾನವಿಯ ಚೀಲವನ್ನು ಎತ್ತಿ ಇಟ್ಟುಕೊಂಡಳು. ಚೀಲದ ಬಾಯಿಯಿಂದ ಬಯಾಲಜಿ ಪುಸ್ತಕದ ಮೂಲೆ ಕಾಣುತ್ತಿತ್ತು. ಸುಮನಾಳ ಚೀಲದಲ್ಲೂ ಅದೇ ಪುಸ್ತಕವಿತ್ತು, ಆದರೆ ಅದನ್ನು ತೆರೆಯಲು ಈಗ ಪ್ರತಿಮಾಗೆ ಕೈ ಬರಲಿಲ್ಲ. ಅದನ್ನು ಒಂದು ಸಲ ಕೊಡ್ತೀರಾ ವಾಗ್ದೇವಕ್ಕ ಎಂದು ಕೇಳಿದಳು. ಹೃದಯದ ಪುಟ ಹುಡುಕಿ ತೆಗೆದು, ಮಡಿಲ ಮೇಲೆ ಇಟ್ಟುಕೊಂಡು ನೋಡಿದಳು. ಈ ಪ್ರತಿಯಲ್ಲೂ ಇಂಕು ಅದೇ ಕಡೆ ದಪ್ಪ. ಅಚ್ಚಿನವರದು ತಪ್ಪಲ್ಲ. ದಪ್ಪ ಇರುವ ಕಡೆ ಲೆಫ್ಟ್ ಎಂದು ಬರೆದಿದೆ, ಚಿತ್ರದಲ್ಲಿ ನೋಡಿದರೆ ಬಲಕ್ಕಿದೆ, ಇದೇನು ಹೀಗೆ ಎಂದು ಅವಳು ಕೇಳಿದಳು. ವಾಗ್ದೇವಿ ಬಿಎಸ್ಸಿ ಓದಿದವಳು. ಮದುವೆಯಾದ ಮೇಲೆ ಅದನ್ನು ಎಲ್ಲೂ ಉಪಯೋಗಿಸದೆ ಇಟ್ಟಿದ್ದವಳು. ತಪ್ಪು ಮಾತಾಡಿದ ಕಸಿವಿಸಿ ಕಳೆದುಕೊಳ್ಳಲು ದಾರಿ ಸಿಕ್ಕಿತೆಂದು ಅವಳು ಹತ್ತಿರ ಸರಿದು ಕೂತಳು.

"ನಿನ್ನ ಎದುರಿಗೆ ಒಬ್ರು ನಿಂತಿದಾರೆ ಅಂದ್ಕೊ. ಅವರ ಎಡ ನಿಂಗೆ ಬಲ ಅಲ್ವಾ? ಹಂಗೆ. ಈ ಬಲದ ಕೋಣೆ ಇದ್ಯಲ್ಲ, ಇದಕ್ಕೆ ಕೆಲ್ಸ ಕಮ್ಮಿ. ಪಕ್ಕದಲ್ಲೇ ಇರೋ ಶ್ವಾಸಕೋಶಕ್ಕೆ ರಕ್ತ ದಾಟ್ಸಿದ್ರೆ ಆಯ್ತು. ಎಡದ್ದು ಹಂಗಲ್ಲ. ತಲೆಯಿಂದ ಕಾಲಿನ ಉಗುರಿನವರೆಗೆ ಇದೇ ದೂಡ್ಬೇಕು. ದೂಡಿ ದೂಡಿ ಗೋಡೆ ದಪ್ಪ."

ಪ್ರತಿಮಾ ಆ ದಪ್ಪ ಗೋಡೆಯ ಮೇಲೆ ಬೆರಳಿಟ್ಟಳು. ಮದುಮಗ ಮದುಮಗಳನ್ನು ಎಷ್ಟು ಗೋಡೆಗಳ ಮೇಲೆ ಬರೆದಿದ್ದಾಳೆ ಅವಳು, ಎದುರಿಗೆ ನಿಂತವರ ಎಡವೆಂದರೆ ಯಾವುದೆಂದು ಯೋಚಿಸಿರಲಿಲ್ಲ. ಶ್ವಾಸಕೋಶಕ್ಕೆ ಈ ಕಡೆ ಎರಡೇ ಎಸಳು ಯಾಕೆ ಎಂದು ಮುಂದೆ ಕೇಳಿದಳು. ಹೃದಯಕ್ಕೆ ಜಾಗ ಬಿಡಬೇಕಲ್ಲ ಎಂದಳು ವಾಗ್ದೇವಿ. ಒಂದಕ್ಕೆ ಹೆಚ್ಚು ಕೆಲಸ, ಅದಕ್ಕೆ ಹೆಚ್ಚು ದಪ್ಪ. ಹೃದಯ ವಾಲಿದ ಕಡೆ ಶ್ವಾಸಕೋಶ ಸ್ವಲ್ಪ ಚಿಕ್ಕದಾಗಿ ಸರಿದು ಕೂತಿದೆ. ಅಂದರೆ ಒಳಗೆ ಯಾರೋ ಯೋಚಿಸಿಯೇ ಬಡಿಸಿದ್ದಾರೆ, ಸಮಪಾಲು ಮಾತ್ರ ಅಲ್ಲ. ಪ್ರತಿಮಾಗೆ ಮೈಯೆಲ್ಲ ಜುಮ್ಮೆಂದಿತು. ಎಷ್ಟೋ ತಿಂಗಳು ದಿನವೂ ಕಂಡು, ಕೈಯಾರೆ ಬರೆದು, ಸುತ್ತ ಬಳ್ಳಿಯನ್ನೂ ಹಬ್ಬಿಸಿದ ಚಿತ್ರ ಈಗಷ್ಟೇ ಅವಳಿಗೆ ಕಂಡಿತು. ಅವಳು ಇನ್ನೊಂದು ಪುಟ ತಿರುವಿ ಇನ್ನೊಂದು ಪ್ರಶ್ನೆ ಕೇಳಿದಳು. ವಾಗ್ದೇವಿ ಕೆಲವಕ್ಕೆ ಹೇಳಿದಳು, ಕೆಲವಕ್ಕೆ ಮರೆತಿದೆ ಮಾರಾಯ್ತಿ ಎಂದಳು, ಒಂದೆರಡು ಕಡೆ ಇಬ್ಬರೂ ಸೇರಿ ಅಕ್ಷರ ಕೂಡಿಸಿ ಓದಿದರು. ಗಂಟೆ ಹೊಡೆದು ಮಕ್ಕಳು ಹೊರಗೆ ಬಂದಾಗ ಇಬ್ಬರೂ ಪುಸ್ತಕದಲ್ಲಿ ತಲೆಹಾಕಿ ಕುಳಿತಿದ್ದರು. ಗಾನವಿ ಅದನ್ನು ನೋಡಿ, ನಿಮಗೂ ಇತ್ತಾ ಪರೀಕ್ಷೆ ಎಂದು ನಕ್ಕಳು. ಸುಮನಾ ನಗಲಿಲ್ಲ. ಅವಳ ಕಣ್ಣು ಅಮ್ಮನ ಮುಖದಿಂದ ತೆರೆದ ಪುಟಕ್ಕೆ, ಅಲ್ಲಿಂದ ವಾಗ್ದೇವಿಯ ಮುಖಕ್ಕೆ ಹೋಗಿ ಬಂತು.

ವಾಗ್ದೇವಿಗೂ ಗಾನವಿಗೂ ತೀರ್ಥಹಳ್ಳಿಯಲ್ಲಿ ನೆಂಟರ ಮನೆಗೆ ಹೋಗುವುದಿತ್ತು. ವಾಪಸು ಬಸ್ಸಿನಲ್ಲಿ ಅಮ್ಮ ಮಗಳು ಇಬ್ಬರೇ. ಸುಮನಾ ಚಪಾತಿ ತಿಂದಳು, ನೀರು ಕುಡಿದಳು, ಫಿಸಿಕ್ಸ್ ಕಷ್ಟವಿತ್ತು, ಬಯಾಲಜಿ ಅಡ್ಡಿಯಿಲ್ಲ ಎಂದಳು. ಪ್ರತಿಮಾ ಹ್ಞೂಂ ಎಂದಳು. ಒಂದು ಏರು ಹತ್ತಿ ಬಸ್ಸಿನ ಸದ್ದು ತಗ್ಗುವವರೆಗೆ ಕಾದು, ಹೊರಗೆ ನೋಡುತ್ತಲೇ ಹೇಳಿದಳು.

"ಹೃದಯ ತಪ್ಪಿತ್ತಂತಲ್ಲ ಸುಮಿ."

"ಗಾನವಿಗೆ ಬಾಯಿ ನಿಲ್ಲಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?"

ಸುಮನಾ ಡಬ್ಬಿಯ ಕ್ಲಿಪ್ಪನ್ನು ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. "ಹೇಳಿದ್ರೆ ನೀನು ಪ್ರಶ್ನೆ ಕೇಳೋದೇ ಬಿಡ್ತಿದ್ದೆ. ಗೊತ್ತು ನಂಗೆ. ಅದ್ಕೇ."

"ತಪ್ಪಾಗಿದ್ದನ್ನ ನೋಡ್ಕೊಂಡು ಎಂಥ ಕಲಿತೀಯೆ?"

"ಆಮೇಲೆ ತಪ್ಪಲಿಲ್ಲಲ್ಲ. ನಿಂದು ಕಣ್ಣಿಗೆ ತಂದ್ಕೊಂಡು, ಇದ್ರಲ್ಲಿ ಎಲ್ಲೆಲ್ಲಿ ತಪ್ಪಿದೆ ಅಂತ ಹುಡುಕ್ತೀನಿ. ಇವತ್ತೂ ಹಂಗೇ ಮಾಡ್ದೆ. ಶ್ವಾಸಕೋಶ ಬಂದಿತ್ತು. ಸರಿ ಬರ್ದೆ."

ಹೀಗೂ ಇರಬಹುದು. ಅಥವಾ ಅಮ್ಮನಿಗೆ ನೋವಾಗದಿರಲೆಂದು ಈಗಷ್ಟೇ ಕಟ್ಟಿದ ಮಾತಿರಬಹುದು. ಪ್ರತಿಮಾಗೆ ಆ ಧಾಟಿ ಚೆನ್ನಾಗಿ ಗೊತ್ತು. ಅತ್ತೆ ಮಾಡಿದ ಸಾರಿಗೆ ಉಪ್ಪು ಹೆಚ್ಚಾದಾಗ, ಇವತ್ತು ಸೆಕೆ, ಬೆವರು ಬರುತ್ತದೆ, ಉಪ್ಪು ಬೇಕೇ ಬೇಕು ಎಂದು ತಾನು ಎಷ್ಟು ಸಲ ಹೇಳಿಲ್ಲ. ಮಗಳು ಅದನ್ನು ಯಾವಾಗ ಕಲಿತಳೋ. ಯಾವುದು ನಿಜವೆಂದು ಕೆದಕಿ ನೋಡಲು ಅವಳಿಗೆ ಮನಸ್ಸಾಗಲಿಲ್ಲ. ಎರಡರಲ್ಲೂ ಮಗಳು ತನ್ನ ಕಡೆಗೇ ಇದ್ದಳು. ಆದರೆ ಅಷ್ಟಕ್ಕೇ ಮುಗಿಸಿ ಮೊದಲಿನ ಹಾಗೆ ಮಂತ್ರ ಓದುತ್ತ ಕೂರುವುದೂ ಇನ್ನು ಸಾಧ್ಯವಿರಲಿಲ್ಲ. ಹೊಸನಗರದಲ್ಲಿ ಸಾಗರದ ಬಸ್ಸು ಕಾಯುತ್ತಿದ್ದಾಗ ಸುಮನಾ ಅಳುಕುತ್ತ ಪುಸ್ತಕವನ್ನು ಅಮ್ಮನ ಮಡಿಲಿಗಿಟ್ಟು, ಕೇಳ್ತೀಯಾ ಎಂದಳು. ಆ ದನಿಯಲ್ಲಿ ಇನ್ನೂ ಚಿಕ್ಕ ಮಗುವೊಂದಿತ್ತು. ಪ್ರತಿಮಾ ಪುಸ್ತಕ ತೆರೆಯಲಿಲ್ಲ.

"ಎಡದ ಕೋಣೆ ಗೋಡೆ ಯಾಕೆ ದಪ್ಪ?"

 ದಪ್ಪ ಎಂದು ಸುಮನಾಗೆ ಗೊತ್ತಿತ್ತು, ಎಲ್ಲಿ ಟಿಕ್ ಹಾಕಬೇಕೆಂದೂ ಗೊತ್ತಿತ್ತು. ಯಾಕೆ ಎಂದು ಓದಿದ್ದೂ ಉಂಟು, ಆದರೆ ನಾಲ್ಕು ಉತ್ತರಗಳು ಎದುರಿಗಿಲ್ಲದೆ ಮಾತು ಹೊರಡಲಿಲ್ಲ. ಪ್ರತಿಮಾ ಹೇಳಿದಳು, ತಲೆಯಿಂದ ಕಾಲಿನ ಉಗುರಿನವರೆಗೆ. ಹೇಳುವಾಗ ಅವಳ ಕೈ ಗಾಳಿಯಲ್ಲಿ ಆ ದೂಡುವ ಕೆಲಸವನ್ನು ಮಾಡಿ ತೋರಿಸಿತು. ಸಾಗರದ ಬಸ್ಸಿನವನು ಕೂಗುತ್ತಿದ್ದುದು ಇಬ್ಬರಿಗೂ ಕೇಳಿಸಲಿಲ್ಲ. ಕೊನೆಗೆ ಓಡಿಹೋಗಿ ಹತ್ತಬೇಕಾಯಿತು.

ಸೋಮವಾರ ಬೆಳಿಗ್ಗೆ ರೊಟ್ಟಿ ಮುಗಿಸಿ, ನಾಗೇಂದ್ರನ ಡಬ್ಬಿ ಕಟ್ಟಿ ಕಳಿಸಿ, ಪ್ರತಿಮಾ ನೆನೆದ ಅಕ್ಕಿಯನ್ನು ನುಣ್ಣಗೆ ಅರೆದಳು. ಒದ್ದೆ ಬಟ್ಟೆಯನ್ನೂ ಪಕ್ಕದಲ್ಲಿಟ್ಟುಕೊಂಡಿದ್ದಳು. ಗೋಡೆಯ ಮುಂದೆ ನಿಂತಾಗ ಹೃದಯ ಮೊದಲಿನಷ್ಟೇ ಚೆಂದ ಕಂಡಿತು. ಅದೇ ತೊಂದರೆ. ಅಳಿಸಲು ಬಟ್ಟೆ ಎತ್ತಿದಳು. ಹಲ್ಲುಜ್ಜುತ್ತ ಬಂದ ಸುಮನಾ ಬ್ರಷ್ಷನ್ನು ಕೆನ್ನೆಗೆ ಒತ್ತಿಕೊಂಡು, "ಅಳಿಸ್ಬೇಡ, ದಪ್ಪ ಮಾಡು" ಎಂದಳು. ಪ್ರತಿಮಾ ಕುಂಚವನ್ನು ಬಿಳಿಯಲ್ಲಿ ಅದ್ದಿದಳು. ಚಿತ್ರದ ಬಲಕ್ಕೆ, ಎದುರಿಗೆ ನಿಂತವರ ಎಡಕ್ಕೆ, ಹಳೆಯ ಎಳೆಗೆ ಒತ್ತಿ ಇನ್ನೊಂದು ಎಳೆ ಎಳೆದಳು. ಅದರ ಪಕ್ಕ ಮತ್ತೊಂದು.  ಮತ್ತೊಂದು ಎಳೆದು ನಿಲ್ಲಿಸಿದಾಗ, ಅವಳಿಗೇ ತಿಳಿಯದೆ ಕುಂಚ ಎಡಗಡೆಗೆ ಹೋಗಿ ಗೋಡೆಗೆ ಇನ್ನೇನು ತಾಗಬೇಕು ಎನ್ನುವಲ್ಲಿ ನಿಂತಿತು. ಬರೆಯದೆ ಹಿಂದೆ ಬರುವುದು ಬರೆಯುವುದಕ್ಕಿಂತ ಕಷ್ಟವಾಗಿತ್ತು.

ರಂಗಮ್ಮ ಕಾಫಿಯ ಲೋಟ ಇಡಲು ಒಳಗೆ ಬಂದವರು ಗೋಡೆ ನೋಡಿ ಹುಬ್ಬು ಗಂಟಿಕ್ಕಿದರು. "ಎಂಥದೇ ಇದು, ಒಂದ್ಕಡಿಗೇ ವಾಲ್ತಲ್ಲ. ಆ ಕಡೆ?"

"ಆ ಕಡೆ ಅಷ್ಟೇ ಅತ್ತೆ. ಅದಕ್ಕೆ ಕೆಲ್ಸ ಕಮ್ಮಿ."

ರಂಗಮ್ಮ ಲೋಟವನ್ನು ಕಟ್ಟೆಯ ಮೇಲಿಟ್ಟರು. ತನಗೂ ಈ ಮನೆಯಲ್ಲಿ ಕೆಲಸ ಕಮ್ಮಿಯಾಗಿದೆ, ತನ್ನನ್ನು ಯಾವ ಕಡೆ ಬರೆಯುತ್ತೀರಿ ಎಂದು ಕೇಳಿ, ಉತ್ತರಕ್ಕೆ ಕಾಯದೆ ಅಲ್ಲೇ ಮಣೆ ಎಳೆದುಕೊಂಡು ಕುಳಿತರು. ಸುಮನಾ ಬಾಯಿ ಮುಕ್ಕಳಿಸಿ ಬಂದು, ಶ್ವಾಸಕೋಶದ ಹೆಚ್ಚಿನ ಎಸಳನ್ನು ತಾನೇ ಒದ್ದೆ ಬಟ್ಟೆಯಿಂದ ಒರೆಸಿದಳು. ಮುಂದೆ ಮೂತ್ರಪಿಂಡವನ್ನು ಕೆಳಗೆ ಇಳಿಸೋಣ, ಅರ್ಧ ಬೆರ‌ಳಿನಷ್ಟು ಇಳಿಸಿದರೆ ಸಾಕು ಎಂದಳು. ಪ್ರತಿಮಾ ಕುಂಚ ಹಿಡಿದುಕೊಂಡು ನಿಂತಳೇ ಹೊರತು ಬರೆಯಲಿಲ್ಲ.

"ಮೊದ್ಲು ನಂಗೆ ಹೇಳಿಕೊಡು. ಯಾಕೆ ಅದು ಒಂದೇ ಕೆಳಗೆ?"

"ಯಾಕೆ ಅಂದ್ರೆ..." ಎಂದು ಸುಮನಾ ಶುರುಮಾಡಿದಳು, ಗೋಡೆಯ ಕಡೆ ನೋಡಿದಳು, ಅಜ್ಜಿಯ ಕಡೆ ನೋಡಿದಳು. ಅವಳಿಗೆ ಗೊತ್ತಿರಲಿಲ್ಲ. ತಡಿ ಎಂದು ಹೇಳಿ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಪುಸ್ತಕ ತರಲು ಒಳಗೆ ಹೋದಳು. ಪ್ರತಿಮಾ ಒಲೆ ಸಣ್ಣಗೆ ಮಾಡಿ ಅತ್ತೆಯ ಪಕ್ಕ ನೆಲದ ಮೇಲೆ ಕುಳಿತಳು. ಒಳಗೆ ಹಾಳೆಗಳು ಬೇಗಬೇಗ ಮಗುಚುವ ಸದ್ದು ಕೇಳುತ್ತಿತ್ತು.